ಅಳಿಯನಿಗೆ ತೆರೆದ ಕಡಲು, ಸೊಸೆಗೆ ಮುಚ್ಚಿದ ಗಡಿ

ಮಲಬಾರಿನ ಮುಸ್ಲಿಮರಿಗೆ ‘ಮಾಪಿಳ್ಳ’ ಎಂಬ ಹೆಸರು ಹೇಗೆ ಬಂತು ಎಂಬುದಕ್ಕೆ ಹಲವು ವಿವರಣೆಗಳಿವೆ. ಅವುಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ತೀರಾ ಮನೆಮಾತಿನದು. ತಮಿಳು, ಮಲಯಾಳಗಳಲ್ಲಿ ಮಾಪಿಳ್ಳೆ ಎಂದರೆ ಮದುಮಗ, ಅಳಿಯ. ಕಡಲಾಚೆಯಿಂದ ಬಂದು ಇಲ್ಲಿನ ಹೆಣ್ಣನ್ನು ಮದುವೆಯಾದ ವರ್ತಕನನ್ನು ಊರು ಅಳಿಯನೆಂದು ಕರೆಯಿತು. ಅವನ ಸಂತತಿಗೂ ಅದೇ ಹೆಸರು ನಿಂತಿತು. ಈ ಹೆಸರು ಮುಸ್ಲಿಮರಿಗಷ್ಟೇ ಸೀಮಿತವಾಗಿರಲಿಲ್ಲ. ಕ್ರೈಸ್ತರು ನಸ್ರಾಣಿ ಮಾಪಿಳ್ಳರಾದರು, ಯಹೂದಿಗಳು ಜೂದ ಮಾಪಿಳ್ಳರಾದರು. ಬ್ಯಾರಿ ಮನೆಗಳಲ್ಲಿ ಇಂದಿಗೂ ಮದುಮಗ ‘ಪುದಿಯಾಪ್ಲೆ’. ಭಟ್ಕಳದ ನವಾಯತರ ಹೆಸರನ್ನೂ ‘ಹೊಸದಾಗಿ ಬಂದವರು’ ಎಂದು ಬಿಡಿಸುವವರಿದ್ದಾರೆ. ಒಟ್ಟಿನಲ್ಲಿ ಪಶ್ಚಿಮ ಕರಾವಳಿಯಲ್ಲಿ ಹೊರಗಿನವನು ಒಳಗಿನವನಾಗುವ ಬಾಗಿಲು ಮದುವೆಯೇ ಆಗಿತ್ತು.

ಇಂದು ಆ ಬಾಗಿಲಿನ ಗತಿ ಏನು? ಕಾನೂನು ಮೀರಿ ಒಂದು ದೇಶವನ್ನು ಪ್ರವೇಶಿಸಿದವರು ಆ ದೇಶದವರನ್ನೇ ಮದುವೆಯಾದರೆ, ಅಥವಾ ಮದುವೆಯಾದ ಮೇಲೆ ಗಂಡನ ಊರಿಗೆ ಕದ್ದು ಬಂದರೆ, ಅಲ್ಲಿ ನೆಲೆಸುವ ಹಕ್ಕು ಅವರಿಗೆ ಸಿಗುತ್ತದೆಯೇ? ‘ನಿಕಾಹ್ ಆಗಿದೆ, ಮಕ್ಕಳೂ ಆಗಿದ್ದಾರೆ, ಇನ್ನೇನು?’ ಎಂದು ಕೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಬೆಳುವಾಯಿಯಿಂದ ಭಟ್ಕಳದವರೆಗೆ, ಗಲ್ಫ್‌ನಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಊರನ್ನು ಹುಡುಕುವುದು ಕಷ್ಟ. ದುಬೈ, ದೋಹಾಗಳಲ್ಲಿ ಹತ್ತಾರು ದೇಶದ ಜನ ಒಂದೇ ಕಟ್ಟಡದಲ್ಲಿ ವಾಸಿಸುತ್ತಾರೆ. ಪರಿಚಯಗಳು ಬೆಳೆಯುತ್ತವೆ, ಸಂಬಂಧಗಳು ಕುದುರುತ್ತವೆ. ಹೀಗಾಗಿ ಈ ಪ್ರಶ್ನೆ ದೂರದ್ದಲ್ಲ. ಇದಕ್ಕೆ ಇತಿಹಾಸ ಕೊಡುವ ಉತ್ತರ ಒಂದು, ಕಾನೂನು ಕೊಡುವ ಉತ್ತರ ಇನ್ನೊಂದು.

ಬಸದಿಯ ಮೇಲಿನ ಜಿರಾಫೆ

ಬೆಳುವಾಯಿಯಿಂದ ಕೆಲವೇ ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಅದರ ಭೈರಾದೇವಿ ಮಂಟಪದ ಅಡಿಪಾಯದ ಕಲ್ಲುಗಳಲ್ಲಿ ಒಂದು ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ನಿನ ಉಬ್ಬುಶಿಲ್ಪಗಳಿವೆ. ಆಫ್ರಿಕದ ಪ್ರಾಣಿ, ಚೀನಾದ ಕಲ್ಪನೆ ಎರಡೂ ಕಡಲಿನಿಂದ ಇಷ್ಟು ಒಳಗಿನ ಜೈನ ಬಸದಿಯೊಂದರ ಕಲ್ಲಿಗೆ ಬಂದು ಕುಳಿತಿರಬೇಕಾದರೆ, ತುಳುನಾಡಿನ ಜನರಿಗೆ ಹೊರಗಿನ ಲೋಕದ ಸುದ್ದಿ ಎಷ್ಟು ಸಲೀಸಾಗಿ ತಲುಪುತ್ತಿತ್ತು ಎಂದು ಊಹಿಸಬಹುದು. ಸುದ್ದಿಯ ಜೊತೆಗೆ ಮನುಷ್ಯರೂ ಬರುತ್ತಿದ್ದರು.

ಹಾಗೆ ಬಂದವರಲ್ಲಿ ದಾಖಲೆ ಉಳಿದಿರುವ ಒಬ್ಬನೆಂದರೆ ಟುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು. 12ನೇ ಶತಮಾನದಲ್ಲಿ ಅವನು ಸುಮಾರು 17 ವರ್ಷ ಮಂಗಳೂರಿನ ಆಸುಪಾಸಿನಲ್ಲಿ ನೆಲೆಸಿದ್ದ. ಅವನ ಕಾಗದಪತ್ರಗಳು ಈಜಿಪ್ಟಿನ ಹಳೆಯ ಸಿನಗಾಗ್ ಒಂದರ ಉಗ್ರಾಣದಲ್ಲಿ ಉಳಿದುಬಂದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಈ ಕಥೆ ಸಾಮಾನ್ಯ ಓದುಗರಿಗೂ ತಲುಪಿತು. ಆ ಕಾಗದಗಳಲ್ಲಿ 1132ರ ಅಕ್ಟೋಬರ್ 17ರ ತಾರೀಖಿನ ಒಂದು ವಿಮೋಚನಾ ಪತ್ರವಿದೆ. ಆಶು ಎಂಬ ಹೆಣ್ಣಾಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಅದು. ಆತ ಅವಳನ್ನೇ ಮದುವೆಯಾದನೆಂದೂ ಅವನ ಮಕ್ಕಳ ತಾಯಿ ಅವಳೇ ಎಂದೂ ವಿದ್ವಾಂಸರು ತಿಳಿಯುತ್ತಾರೆ. ಊರು ಬಿಟ್ಟು ಮರಳಿದ ಮೇಲೆ ಬೆನ್ ಯಿಜು ತನ್ನ ಮಗಳನ್ನು ಸ್ವಂತ ಸೋದರನ ಮಗನಿಗೇ ಮದುವೆ ಮಾಡಿಸಿದ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆ ಕಾಲದಲ್ಲೂ ಕಾಗದ ಬೇಕಾಗಿತ್ತು. ಆ ಪತ್ರವಿಲ್ಲದಿದ್ದರೆ ಅವನ ಸಮುದಾಯದ ಕಣ್ಣಿನಲ್ಲಿ ಆಶುವಿಗೂ ಅವಳ ಮಕ್ಕಳಿಗೂ ಸ್ಥಾನವಿರುತ್ತಿರಲಿಲ್ಲ. ಆದರೆ ಕಾಗದ ಕೊಟ್ಟದ್ದು ರಾಜನಲ್ಲ, ಅವರವರ ಸಮುದಾಯದ ನ್ಯಾಯ ಪದ್ಧತಿ. ಯಾರು ಯಾರ ಮನೆಯವರು ಎಂಬುದನ್ನು ಸಮುದಾಯಗಳು ತೀರ್ಮಾನಿಸುತ್ತಿದ್ದವು. ಸುಂಕ ಬಂದರೆ ರಾಜನಿಗೆ ತೃಪ್ತಿ.

ಇನ್ನೂರು ವರ್ಷಗಳ ನಂತರ, 1340ರ ದಶಕದಲ್ಲಿ, ಇಬ್ನ್ ಬತೂತ ಮಂಗಳೂರಿಗೆ ಬಂದ. ಫಾರ್ಸ್ ಮತ್ತು ಯಮನ್‌ನ ವರ್ತಕರು ಹೆಚ್ಚಾಗಿ ಇಲ್ಲೇ ಇಳಿಯುತ್ತಾರೆಂದೂ, ಸುಮಾರು 4000 ಮುಸ್ಲಿಮರು ಊರ ಪಕ್ಕದ ಕೇರಿಯಲ್ಲಿ ವಾಸವಾಗಿದ್ದಾರೆಂದೂ ಬರೆದ. ಅವರಿಗೂ ಊರವರಿಗೂ ಆಗಾಗ ಜಗಳವಾಗುವುದುಂಟು, ವರ್ತಕರು ಬೇಕಾಗಿರುವುದರಿಂದ ಅರಸನೇ ರಾಜಿ ಮಾಡಿಸುತ್ತಾನೆ ಎಂಬುದನ್ನೂ ಸೇರಿಸಿದ. ಹಳೆಯ ಕರಾವಳಿಯನ್ನು ಸೌಹಾರ್ದದ ಸ್ವರ್ಗವೆಂದು ಬಣ್ಣಿಸುವವರು ಈ ಮಾತನ್ನು ನೆನಪಿಡಬೇಕು. ಇಲ್ಲಿಂದ ಮಾಲ್ಡೀವ್ಸ್‌ಗೆ ಹೋದ ಇಬ್ನ್ ಬತೂತ ಅಲ್ಲಿ ಕಾಜಿಯಾದ, ಆಳುವವರ ಕುಟುಂಬದೊಡನೆ ಮದುವೆ ಸಂಬಂಧವನ್ನೂ ಬೆಳೆಸಿದ. ಹಡಗು ಬಂದಾಗ ನಾವಿಕರು ಅಲ್ಲಿನ ಹೆಣ್ಣುಗಳನ್ನು ಮದುವೆಯಾಗುತ್ತಾರೆ, ಹೊರಡುವಾಗ ತಲಾಕ್ ಕೊಟ್ಟು ಹೋಗುತ್ತಾರೆ, ಆ ಹೆಂಗಸರು ಮಾತ್ರ ತಮ್ಮ ನಾಡು ಬಿಟ್ಟು ಕದಲುವುದಿಲ್ಲ ಎಂದು ಅವನೇ ದಾಖಲಿಸಿದ್ದಾನೆ. ಮದುವೆಯ ಬಾಗಿಲು ಅಳಿಯನಿಗೆ ಸಲೀಸಾಗಿತ್ತು. ಅದರ ಭಾರ ಹೊತ್ತವಳು ಹೆಣ್ಣು.

1510ರಲ್ಲಿ ಗೋವಾ ಗೆದ್ದ ಅಲ್ಬುಕರ್ಕ್ ಈ ಪದ್ಧತಿಯನ್ನು ಸರಕಾರದ ನೀತಿಯನ್ನಾಗಿಸಿದ. ಸ್ಥಳೀಯ ಹೆಂಗಸರನ್ನು ಮದುವೆಯಾಗಿ ನೆಲೆಸುವ ಪೋರ್ಚುಗೀಸರಿಗೆ ವಿಶೇಷ ಸವಲತ್ತುಗಳು ದೊರೆತವು. ಅವರನ್ನು ‘ಕಸಾದೊ’, ಅಂದರೆ ಮದುವೆಯಾದವರು ಎಂದು ಕರೆಯಲಾಯಿತು. ಅತಿಥಿಯಾಗಿ ಬಂದವನು ಅಳಿಯನಾಗುವುದು ಬೇರೆ, ಕೋವಿ ಹಿಡಿದು ಬಂದವನು ಅಳಿಯನಾಗುವುದು ಬೇರೆ. ಆದರೂ ಮದುವೆ ಮತ್ತು ನೆಲೆಯ ಹಕ್ಕನ್ನು ಸರಕಾರವೇ ಜೋಡಿಸಿದ್ದು ನಮ್ಮ ಕರಾವಳಿಯ ಚರಿತ್ರೆಯಲ್ಲಿ ಒಂದು ತಿರುವು.

ಕಾಗದದ ಗಡಿ

ಪರದೇಶಿಯನ್ನು ಕಾಗದದ ಮೂಲಕ ಗುರುತಿಸುವ ಈಗಿನ ವ್ಯವಸ್ಥೆ ಬ್ರಿಟಿಷರ ಕಾಲದ್ದು. 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು, 1939ರಲ್ಲಿ ವಿದೇಶಿಯರ ನೋಂದಣಿ ಕಾಯ್ದೆ, 1946ರಲ್ಲಿ ವಿದೇಶಿಯರ ಕಾಯ್ದೆ. ಆದರೆ ಇದರ ಬಿಸಿ ಸಾಮಾನ್ಯ ಕುಟುಂಬಗಳಿಗೆ ತಟ್ಟಿದ್ದು ದೇಶ ವಿಭಜನೆಯ ನಂತರ. ಒಂದೇ ಮನೆಯ ಅಣ್ಣ ಇಲ್ಲಿ, ತಮ್ಮ ಕರಾಚಿಯಲ್ಲಿ ಎಂಬ ಪರಿಸ್ಥಿತಿ ಭಟ್ಕಳದ ನವಾಯತರಿಗೆ ಹೊಸದಲ್ಲ. 1948ರ ಜುಲೈಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯವಾಯಿತು. 1952ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್, ವೀಸಾ ಜಾರಿಗೆ ಬಂತು. ಸೋದರತ್ತೆಯ ಮನೆ ಪರದೇಶವಾಯಿತು.

ಮದುವೆಗೂ ಈ ಕಾಗದಕ್ಕೂ ಘರ್ಷಣೆಯಾದಾಗ ಯಾವುದು ಗೆಲ್ಲುತ್ತದೆ ಎಂಬ ಪ್ರಶ್ನೆ ಬೇಗನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಿಹಾರ ಸರಕಾರ ಮತ್ತು ಕುಮಾರ್ ಅಮರ್ ಸಿಂಗ್ ನಡುವಿನ ಈ ಮೊಕದ್ದಮೆಯ ತೀರ್ಪು 1955ರಲ್ಲಿ ಹೊರಬಿತ್ತು. ಬಿಹಾರದ ಜಮೀನ್ದಾರಿ ಮನೆತನವೊಂದರ ಸೊಸೆ 1948ರ ಜುಲೈಯಲ್ಲಿ ಕರಾಚಿಗೆ ಹೋಗಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ತಾತ್ಕಾಲಿಕ ಪರ್ಮಿಟ್ ಪಡೆದು ಬಂದು, ಮತ್ತೆ ಕರಾಚಿಗೆ ಮರಳಿದರು. ಅವರ ಪತಿ ಭಾರತದಲ್ಲೇ ಇದ್ದರು. ಗಂಡನ ನೆಲೆಯೇ ಹೆಂಡತಿಯ ನೆಲೆ, ಆದ್ದರಿಂದ ಆಕೆ ಭಾರತದ ಪ್ರಜೆ ಎಂಬುದು ವಾದ. ನ್ಯಾಯಾಲಯ ಒಪ್ಪಲಿಲ್ಲ. ಗಂಡನ ನೆಲೆ ಹೆಂಡತಿಗೂ ಅನ್ವಯಿಸುತ್ತದೆ ಎಂದು ಇಟ್ಟುಕೊಂಡರೂ, ವಲಸೆ ಹೋದವರ ಕುರಿತ ಸಂವಿಧಾನದ 7ನೇ ವಿಧಿ ಅದನ್ನು ಮೀರುತ್ತದೆ ಎಂದು ಹೇಳಿತು. ಅಲ್ಲಿಂದೀಚೆಗೆ ನಮ್ಮ ಕಾನೂನಿನ ಧೋರಣೆ ಸ್ಪಷ್ಟ. ಅದು ಮೊದಲು ಕೇಳುವುದು ‘ಯಾರ ಹೆಂಡತಿ’ ಎಂದಲ್ಲ. ‘ಯಾವಾಗ ಹೋದೆ, ಯಾವ ಬಾಗಿಲಿನಿಂದ ಬಂದೆ’ ಎಂದು.

ಕಾಯ್ದೆಯೊಳಗಿನ ಮದುವೆ

1955ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ಜಾರಿಯಾಯಿತು. ಅದರ 5ನೇ ಸೆಕ್ಷನ್ ಪ್ರಕಾರ ಭಾರತೀಯನನ್ನು ಮದುವೆಯಾದ ಹೆಂಗಸು ನೋಂದಣಿಯ ಮೂಲಕ ಪೌರತ್ವ ಕೋರಬಹುದಿತ್ತು. ‘ಹೆಂಗಸು’ ಎಂಬ ಪದವನ್ನು ಗಮನಿಸಬೇಕು. ಭಾರತೀಯಳನ್ನು ಮದುವೆಯಾದ ವಿದೇಶಿ ಗಂಡಸಿಗೆ ಈ ದಾರಿ ಇರಲಿಲ್ಲ. ಅಳಿಯನನ್ನು ಮನೆಗೆ ತುಂಬಿಸಿಕೊಳ್ಳುವುದೇ ರೂಢಿಯಾಗಿದ್ದ ಕರಾವಳಿಯ ಕಣ್ಣಿಗೆ ಇದು ತಲೆಕೆಳಗಾದ ಲೋಕ. 1986ರ ತಿದ್ದುಪಡಿಯಲ್ಲಿ ‘ಹೆಂಗಸು’ ಹೋಗಿ ‘ವ್ಯಕ್ತಿ’ ಬಂತು. ಜೊತೆಗೆ ಐದು ವರ್ಷ ಇಲ್ಲಿ ವಾಸವಾಗಿರಬೇಕೆಂಬ ಷರತ್ತೂ ಬಂತು. 2003ರ ತಿದ್ದುಪಡಿ ಅದನ್ನು ಏಳು ವರ್ಷಕ್ಕೆ ಏರಿಸಿತು.

ಅದೇ ತಿದ್ದುಪಡಿ ಕಾಯ್ದೆಗೆ ‘ಅಕ್ರಮ ವಲಸಿಗ’ ಎಂಬ ಹೊಸ ಪದವನ್ನು ಸೇರಿಸಿತು. ಸರಿಯಾದ ಪಾಸ್‌ಪೋರ್ಟ್, ಪ್ರಯಾಣದ ದಾಖಲೆ ಇಲ್ಲದೆ ಒಳಬಂದವರೂ ಅಕ್ರಮ ವಲಸಿಗರೇ, ಸರಿಯಾಗಿ ಬಂದು ಅವಧಿ ಮೀರಿ ಉಳಿದವರೂ ಅಕ್ರಮ ವಲಸಿಗರೇ. ಇಂಥವರು ನೋಂದಣಿಗೆ ಅರ್ಜಿ ಹಾಕುವಂತಿಲ್ಲ. ಗಂಡ ಭಾರತೀಯನಾಗಿರಲಿ, ಮದುವೆಯಾಗಿ ಇಪ್ಪತ್ತು ವರ್ಷವಾಗಿರಲಿ, ದಾರಿ ಮುಚ್ಚಿದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಬದಲಾವಣೆ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 1950ರಿಂದ 1987ರ ಜೂನ್ ಅಂತ್ಯದವರೆಗೆ ಭಾರತದ ನೆಲದಲ್ಲಿ ಹುಟ್ಟಿದ ಮಗು, ಕೆಲವೇ ಅಪವಾದಗಳನ್ನು ಬಿಟ್ಟರೆ, ಭಾರತೀಯನೇ ಆಗಿತ್ತು. 1987ರ ಜುಲೈ 1ರಿಂದ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ, ಒಬ್ಬರು ಭಾರತೀಯರಾದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ನಿಯಮ ಜಾರಿಯಲ್ಲಿದೆ. ಅಂದರೆ ತಂದೆ ಭಟ್ಕಳದವನೇ ಆಗಿರಲಿ, ಬೆಳುವಾಯಿಯವನೇ ಆಗಿರಲಿ, ತಾಯಿ ದಾಖಲೆ ಇಲ್ಲದೆ ಗಡಿ ದಾಟಿ ಬಂದವಳಾದರೆ ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಬರುವ ಪೌರತ್ವ ಇಲ್ಲ. ಗಡಿ ದಾಟುವ ಆ ಒಂದು ರಾತ್ರಿಯ ನಿರ್ಧಾರ ಮುಂದಿನ ತಲೆಮಾರಿಗೂ ಅಂಟಿಕೊಳ್ಳುತ್ತದೆ.

2019ರ ತಿದ್ದುಪಡಿ ಈ ಕಟ್ಟುನಿಟ್ಟಿಗೆ ಒಂದು ವಿನಾಯಿತಿ ತಂದಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಎಣಿಸುವುದಿಲ್ಲ ಎಂದಿತು. ಇದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಕಿರುಕುಳದಿಂದ ಓಡಿಬಂದವರಿಗೆ ಆಸರೆ ಕೊಡುವುದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಒಂದೇ ಊರಿನಿಂದ, ಒಂದೇ ರೀತಿಯಲ್ಲಿ ಬಂದ ಇಬ್ಬರು ಸೊಸೆಯರಲ್ಲಿ ಒಬ್ಬಳಿಗೆ ಬಾಗಿಲು ತೆರೆದು, ಇನ್ನೊಬ್ಬಳಿಗೆ ಧರ್ಮದ ಕಾರಣಕ್ಕೆ ಮುಚ್ಚಿದರೆ ಅದು ಸಮಾನತೆಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನೇಪಾಳದ ದಾರಿ

1950ರ ಒಪ್ಪಂದದ ಕಾರಣ ಭಾರತ ಮತ್ತು ನೇಪಾಳದ ಪ್ರಜೆಗಳು ವೀಸಾ ಇಲ್ಲದೆ ಗಡಿ ದಾಟಬಹುದು. ಮೂರನೆಯ ದೇಶದವರಿಗೆ ಈ ಸೌಲಭ್ಯ ಇಲ್ಲ. ಆದರೆ ಗಡಿ ತೆರೆದಿರುವುದೇ ಏಜೆಂಟರಿಗೆ ಬಂಡವಾಳ. ಕರ್ನಾಟಕದಲ್ಲಿ ಬೆಳಕಿಗೆ ಬಂದ ಇಂಥ ಕೆಲವು ಪ್ರಕರಣಗಳು ಈ ದಾರಿಯ ಕಥೆಯನ್ನೇ ಹೇಳುತ್ತವೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಕೆಲವರನ್ನು ಬಂಧಿಸಲಾಯಿತು. ಅವರಲ್ಲೊಬ್ಬಳು ಗಲ್ಫ್‌ನಲ್ಲಿ ಕೇರಳದ ವ್ಯಕ್ತಿಯೊಬ್ಬನನ್ನು ಮದುವೆಯಾಗಿ ನೇಪಾಳದ ಮೂಲಕ ಬಂದವಳು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಇನ್ನೊಂದು ಪ್ರಕರಣ. ಆನ್‌ಲೈನ್ ಆಟದಲ್ಲಿ ಪರಿಚಯವಾದ ಉತ್ತರ ಪ್ರದೇಶದ ಯುವಕನಿಗಾಗಿ ಪಾಕಿಸ್ತಾನದ ಯುವತಿಯೊಬ್ಬಳು ಅದೇ ದಾರಿಯಲ್ಲಿ ಬಂದಿದ್ದಳು. ಮರುತಿಂಗಳು ಆಕೆಯನ್ನು ಅಟ್ಟಾರಿ ಗಡಿಯ ಮೂಲಕ ಕಳಿಸಲಾಯಿತು. ಹುಡುಗ ಹಿಂದೂ, ಹುಡುಗಿ ಮುಸ್ಲಿಂ. ಇದು ಒಂದು ಸಮುದಾಯದ ಸಮಸ್ಯೆ ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು.

ಭಟ್ಕಳದ್ದು ಸ್ವಲ್ಪ ಬೇರೆ ಕಥೆ. 2021ರ ಜೂನ್‌ನಲ್ಲಿ ಅಲ್ಲಿ ಬಂಧಿತಳಾದ ಪಾಕಿಸ್ತಾನಿ ಮಹಿಳೆ ದುಬೈಯಲ್ಲಿ ಭಟ್ಕಳದ ವ್ಯಕ್ತಿಯನ್ನು ಮದುವೆಯಾದವಳು. ಒಮ್ಮೆ ಸಂದರ್ಶಕ ವೀಸಾದ ಮೇಲೆ ಬಂದು ಹೋಗಿದ್ದವಳು, 2015ರಿಂದ ದಾಖಲೆ ಇಲ್ಲದೆ ಗಂಡನ ಊರಿನಲ್ಲಿ ವಾಸವಾಗಿದ್ದಳು ಎಂಬುದು ಪೊಲೀಸರ ಆರೋಪ. ಆಧಾರ್, ಪಡಿತರ ಚೀಟಿಯಂಥ ಕಾಗದಗಳನ್ನೂ ಮಾಡಿಸಿಕೊಂಡಿದ್ದಳೆಂದು ಹೇಳಲಾಯಿತು. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ಆಧಾರ್ ಪೌರತ್ವದ ಸಾಕ್ಷ್ಯವಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಸುಳ್ಳು ಮಾಹಿತಿ ಕೊಟ್ಟು ಪಡೆದ ಕಾಗದ ರಕ್ಷಣೆ ಕೊಡುವುದಿಲ್ಲ, ಇನ್ನೊಂದು ಅಪರಾಧವನ್ನು ಸೇರಿಸುತ್ತದೆ.

ವಿಷಾದದ ಸಂಗತಿ ಎಂದರೆ ಕಾನೂನಿನ ದಾರಿ ಇದ್ದೇ ಇದೆ. ಭಾರತೀಯರನ್ನು ಮದುವೆಯಾದ ಪಾಕಿಸ್ತಾನಿ ಮಹಿಳೆಯರು ದೀರ್ಘಾವಧಿ ವೀಸಾಕ್ಕೆ ಅರ್ಹರು. ಭಟ್ಕಳದಲ್ಲೇ ಹೀಗೆ ಸರಿಯಾದ ದಾರಿಯಲ್ಲಿ ಬಂದು ಸಂಸಾರ ಮಾಡಿಕೊಂಡಿರುವ ಸೊಸೆಯರಿದ್ದಾರೆ. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಪೂರ್ತಿಯಾಗಿ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಆರು ವರ್ಷ ಇಲ್ಲಿ ವಾಸವಿದ್ದವರು ನೋಂದಣಿಗೆ ಅರ್ಜಿ ಹಾಕಬಹುದು. ದಾರಿ ಉದ್ದ, ಕಚೇರಿ ಅಲೆದಾಟ ಬಹಳ. ಆ ಉದ್ದವೇ ಕೆಲವರನ್ನು ಅಡ್ಡದಾರಿಗೆ ತಳ್ಳುತ್ತದೆ. ಅಡ್ಡದಾರಿ ಹಿಡಿದ ಕ್ಷಣವೇ ನೇರ ದಾರಿ ಮುಚ್ಚಿಹೋಗುತ್ತದೆ.

ನೇರ ದಾರಿಯಲ್ಲಿ ಬಂದವರೂ ಪೂರ್ತಿ ನಿಶ್ಚಿಂತರಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಗಳ ವೀಸಾಗಳನ್ನು ರದ್ದು ಮಾಡಿದಾಗ ದೀರ್ಘಾವಧಿ ವೀಸಾಗಳನ್ನು ಹೊರಗಿಡಲಾಗಿತ್ತು. ಆದರೂ ಮೂವತ್ತೆಂಟು ವರ್ಷ ಜಮ್ಮುವಿನಲ್ಲಿ ಸಂಸಾರ ಮಾಡಿದ್ದ ಮಹಿಳೆಯೊಬ್ಬರನ್ನು, ವೀಸಾ ನವೀಕರಣದ ಅರ್ಜಿ ಬಾಕಿ ಇದ್ದಾಗಲೇ, ಗಡಿಯಾಚೆ ಕಳಿಸಲಾಯಿತು. ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಆಕೆಯನ್ನು ಮರಳಿ ಕರೆತರುವಂತೆ ಆದೇಶಿಸಿದ ಮೇಲೆ, ಸಂದರ್ಶಕ ವೀಸಾ ಕೊಡಲು ಕೇಂದ್ರ ಒಪ್ಪಿತು. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ದಾಖಲೆ ಇಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಬೇರೆ ದೇಶಗಳಲ್ಲಿ

ಇದು ನಮ್ಮ ದೇಶದ ಮಾತು ಮಾತ್ರ ಅಲ್ಲ. ಅಮೆರಿಕದಲ್ಲಿ ಅಲ್ಲಿನ ಪ್ರಜೆಯನ್ನು ಮದುವೆಯಾದರೆ ಗ್ರೀನ್ ಕಾರ್ಡ್ ಸಿಗುತ್ತದೆ ಎಂಬ ನಂಬಿಕೆ ವ್ಯಾಪಕ. ಅದು ಅರ್ಧ ಸತ್ಯ. ವೀಸಾದ ಮೇಲೆ ಬಂದು ಅವಧಿ ಮೀರಿ ಉಳಿದವರು, ಪ್ರಜೆಯನ್ನು ಮದುವೆಯಾದರೆ, ಅಲ್ಲಿದ್ದುಕೊಂಡೇ ಅರ್ಜಿ ಹಾಕಬಹುದು. ತಪಾಸಣೆ ಇಲ್ಲದೆ ಗಡಿ ದಾಟಿದವರಿಗೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ. ಅವರು ದೇಶ ಬಿಟ್ಟು ಹೋಗಿ ವೀಸಾ ಕೇಳಬೇಕು. ಬಿಟ್ಟು ಹೋದೊಡನೆ 1996ರ ಕಾನೂನು ಅಡ್ಡ ಬರುತ್ತದೆ. ಅಕ್ರಮ ವಾಸ ಆರು ತಿಂಗಳು ಮೀರಿದ್ದರೆ ಮೂರು ವರ್ಷ, ಒಂದು ವರ್ಷ ತುಂಬಿದ್ದರೆ ಹತ್ತು ವರ್ಷ ಮರಳುವಂತಿಲ್ಲ. ವಿನಾಯಿತಿ ಕೇಳಬಹುದು, ಸಿಗುವ ಖಾತರಿ ಇಲ್ಲ. 2024ರಲ್ಲಿ ಇಂಥ ಸಂಗಾತಿಗಳಿಗೆ ದೇಶ ಬಿಡದೆಯೇ ಅರ್ಜಿ ಹಾಕಲು ಬೈಡನ್ ಸರಕಾರ ಯೋಜನೆಯೊಂದನ್ನು ತಂದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಟೆಕ್ಸಾಸಿನ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಮದುವೆಯನ್ನು ಸಂಶಯದಿಂದ ನೋಡುವ ಸರಕಾರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. 1979ರ ಜನವರಿಯಲ್ಲಿ, ಮದುವೆಗಾಗಿ ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಇಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಸುದ್ದಿ ಹೊರಬಿದ್ದು ಜಗತ್ತಿನೆಲ್ಲೆಡೆ ಛೀಮಾರಿ ಬಂದ ಮೇಲೆ ಆ ಪದ್ಧತಿ ನಿಂತಿತು. ನಂತರ ‘ಮದುವೆಯ ಮುಖ್ಯ ಉದ್ದೇಶ ವಲಸೆಯಲ್ಲ’ ಎಂದು ದಂಪತಿಗಳೇ ರುಜುವಾತು ಮಾಡಬೇಕೆಂಬ ನಿಯಮ ಬಂದು 1997ರವರೆಗೆ ಇತ್ತು. ಅದರಿಂದ ಹೆಚ್ಚು ಪೆಟ್ಟು ತಿಂದವರು ದಕ್ಷಿಣ ಏಷ್ಯಾದ ಕುಟುಂಬಗಳು.

ಹೆಜ್ಜೆಗೆ ಮುಂಚಿನ ಮಾತು

ಗಡಿಯೇ ಬೇಡ, ತಪಾಸಣೆಯೇ ಬೇಡ ಎನ್ನುವುದು ಹುಂಬತನ. ಪ್ರತಿಯೊಂದು ದೇಶಕ್ಕೂ ತನ್ನೊಳಗೆ ಯಾರು ಬರುತ್ತಾರೆ ಎಂದು ತಿಳಿಯುವ ಹಕ್ಕಿದೆ. ಬೆನ್ ಯಿಜುವಿನ ಕಾಲದಲ್ಲಿ ಹೊರಗಿನವನಿಗೆ ಸಮುದಾಯ ಹೊಣೆ ನಿಲ್ಲುತ್ತಿತ್ತು. ಇಂದು ಆ ಹೊಣೆಯನ್ನು ಸರಕಾರ ತಾನೇ ವಹಿಸಿಕೊಂಡಿದೆ. ಆದರೆ ಸಮುದಾಯದ ಕೆಲಸ ಮುಗಿದಿಲ್ಲ. ವಿದೇಶಿ ಸಂಬಂಧ ಕುದುರುವಾಗ ಮಹರ್ ಎಷ್ಟು, ಚಿನ್ನ ಎಷ್ಟು ಎಂದು ಕೇಳುವ ಹಿರಿಯರು ವೀಸಾ ಯಾವುದು, ಅರ್ಜಿ ಎಲ್ಲಿ ಹಾಕಬೇಕು ಎಂದೂ ಕೇಳಬೇಕು. ನಿಕಾಹ್ ಬರೆಯಿಸುವ ಜಮಾಅತ್‌ಗಳು ವಧು ಅಥವಾ ವರ ವಿದೇಶದವರಾದರೆ ವಕೀಲರೊಬ್ಬರ ಸಲಹೆ ಪಡೆಯದೆ ಮುಂದುವರಿಯಬಾರದು. ನಿಕಾಹ್‌ನಾಮ ದಾಂಪತ್ಯದ ದಾಖಲೆ, ಗಡಿ ದಾಟುವ ರಹದಾರಿಯಲ್ಲ.

ಸರಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. ಗೂಢಚಾರಿಕೆಗೆ ಬಂದವರಿಗೂ ಸಂಸಾರಕ್ಕೆ ಬಂದವರಿಗೂ ವ್ಯತ್ಯಾಸವಿದೆ. ವಿಚಾರಣೆಯಲ್ಲಿ ಎರಡನೆಯದೇ ನಿಜವೆಂದು ತಿಳಿದ ಮೇಲೂ ತಾಯಿಯನ್ನು ಆಚೆ ಕಳಿಸಿ ಮಕ್ಕಳನ್ನು ಈಚೆ ಉಳಿಸಿಕೊಂಡರೆ ದೇಶದ ಭದ್ರತೆಗೆ ಏನು ಲಾಭ? ದಂಡ ಕಟ್ಟಿಸಿ, ಶಿಕ್ಷೆ ಅನುಭವಿಸಿದ ಮೇಲಾದರೂ ಸಕ್ರಮವಾಗುವ ಒಂದು ದಾರಿ ಕಾಯ್ದೆಯಲ್ಲಿ ಇರಬೇಕು. ಆ ದಾರಿಗೆ ಧರ್ಮದ ಗೇಟು ಇರಬಾರದು. ಇದೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಮಕ್ಕಳ ಪ್ರಶ್ನೆಯ ಇತ್ಯರ್ಥ. ತಾಯಿ ಯಾವ ಗಡಿಯನ್ನು ಹೇಗೆ ದಾಟಿದಳು ಎಂಬುದನ್ನು ಮಗು ಆರಿಸಿಕೊಂಡಿಲ್ಲ. ತಂದೆಯ ಊರಿನ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದುತ್ತಿರುವ ಆ ಮಗುವಿಗೆ, ಹದಿನೆಂಟು ತುಂಬಿದ ದಿನ, ನೀನು ಎಲ್ಲಿಯವನೂ ಅಲ್ಲ ಎಂದು ಹೇಳುವ ಕಾಯ್ದೆಯನ್ನು ನಾವು ಇನ್ನೊಮ್ಮೆ ಓದಿ ನೋಡಬೇಕಾಗಿದೆ.